ಘಾಟಿನ ತಲೆಗೆ ಕಟ್ಟಿದ ರೋಗ

ಬಸ್ಸಿನಲ್ಲಿ ನನಗೆ ಸೀಟು ಬಿಟ್ಟುಕೊಟ್ಟವರು ಎರಡು ನಿಮಿಷ ಸುಮ್ಮನಿರುತ್ತಾರೆ. ಆಮೇಲೆ ಕೇಳೇ ಕೇಳುತ್ತಾರೆ: "ಏನಾತವಾ ಕಾಲಿಗೆ? ಸಣ್ಣಾಕಿದ್ದಾಗಿಂದ ಹಿಂಗನ?"

ಅದು ಸೀಟಿನ ಬಾಡಿಗೆ, ಕೊಡಲೇಬೇಕು. ನನ್ನ ಎರಡೂ ಕಾಲಿಗೆ ಮೊಣಕಾಲ ಕೆಳಗಿನಿಂದ ಅಂಗಾಲಿನ ತನಕ ಬಿಳಿ ಪ್ಲಾಸ್ಟಿಕ್ಕಿನ ಪಟ್ಟಿ ಇದೆ. ಅದಿಲ್ಲದಿದ್ದರೆ ಪಾದ ಮೇಲಕ್ಕೆ ಏಳುವುದಿಲ್ಲ, ಬೆರಳು ನೆಲಕ್ಕೆ ತಾಗಿ ಮುಗ್ಗರಿಸುತ್ತೇನೆ. ವಯಸ್ಸು ಇಪ್ಪತ್ತಮೂರು. ಕೇಳಿದವರಿಗೆ ಕೊಡಲು ನನ್ನ ಹತ್ತಿರ ಮೂರು ಉತ್ತರ ಇದ್ದವು. ಅವಸರದಲ್ಲಿದ್ದವರಿಗೆ "ನರದ ಬ್ಯಾನಿರಿ." ಕರುಣೆ ಜಾಸ್ತಿ ಇದ್ದವರಿಗೆ "ಜ್ವರ ಬಂದು ಹಿಂಗಾತ್ರಿ." ಗಂಡು ನೋಡಿಕೊಡುತ್ತೇನೆ ಎನ್ನುವ ಮುದುಕಿಯರಿಗೆ "ಗಾಡಿ ಮ್ಯಾಲಿಂದ ಬಿದ್ದೇನ್ರಿ." ಯಾಕೆಂದರೆ ಬಿದ್ದವಳಿಗೆ ಹೇಗೋ ಮದುವೆಯಾಗುತ್ತದೆ, ರೋಗದವಳಿಗೆ ಆಗುವುದಿಲ್ಲ. ಒಂದು ಅರ್ಧ ಸುಳ್ಳು, ಎರಡು ಪೂರ್ತಿ ಸುಳ್ಳು. ಮೂರನ್ನೂ ಕಲಿಸಿಕೊಟ್ಟವಳು ನಮ್ಮವ್ವ.

ಖರೇ ಉತ್ತರ ಇಷ್ಟೇ. ಹದಿನೇಳನೇ ವಯಸ್ಸಿನಿಂದ ಎರಡು ವರ್ಷ ನಾನು ಥಿನ್ನರ್ ಮೂಸುತ್ತಿದ್ದೆ. ಬಣ್ಣ ತೆಳ್ಳಗೆ ಮಾಡಲು ಬಳಸುತ್ತಾರಲ್ಲ, ಅದೇ. ಇದು ಮನೆ ಬಿಟ್ಟು ಓಡಿಬಂದ ಗಂಡುಹುಡುಗರ ಚಟ, ನಮ್ಮಂಥವರ ಮನೆಯ ಹೆಣ್ಣುಮಕ್ಕಳದ್ದಲ್ಲ ಅಂತ ನೀವು ಅಂದುಕೊಂಡಿದ್ದರೆ ನಿಮ್ಮ ತಪ್ಪಿಲ್ಲ. ನಮ್ಮ ಮನೆಯವರೂ ಹಾಗೇ ಅಂದುಕೊಂಡಿದ್ದರು. ಹೇಗೆ ಮಾಡುತ್ತಿದ್ದೆವು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಆ ಪಾಠ ಹೇಳಿಕೊಡುವವರಿಗೆ ಊರಲ್ಲಿ ಬರವಿಲ್ಲ. ಯಾವುದೋ ಮನೆಯ ಹಿಂದಿನ ಕೋಣೆಯಲ್ಲಿ ಒಬ್ಬ ಹುಡುಗಿ "ಇಂಥ ಕೆಟ್ಟಾಕಿ ನಾನೊಬ್ಬಾಕಿನ" ಅಂದುಕೊಂಡು ಕೂತಿದ್ದರೆ ಅವಳಿಗೆ ಹೇಳಬೇಕಾದದ್ದು ಇಷ್ಟೇ: ನಾನೂ ಅಲ್ಲೇ ಕೂತಿದ್ದೆ.

ನಮ್ಮದು ಬ್ಯಾಡಗಿ. ಪೇಟೆಗೆ ಮೆಣಸಿನಕಾಯಿ ಬರುವ ತಿಂಗಳುಗಳಲ್ಲಿ ನಮ್ಮೂರಲ್ಲಿ ಯಾರ ಕಣ್ಣೂ ಬೆಳ್ಳಗಿರುವುದಿಲ್ಲ, ಯಾರ ಮೂಗೂ ಒಣಗಿರುವುದಿಲ್ಲ. ಕಾಯಿಯ ಧೂಳು ಗಾಳಿಯಲ್ಲೇ ಇರುತ್ತದೆ. ಹೊಸಬರು ಬಸ್ಸಿಳಿದ ಕೂಡಲೇ ಸೀನುತ್ತಾರೆ, ನಾವು ನಗುತ್ತೇವೆ. ಅದಕ್ಕೆ ಘಾಟು ಅನ್ನುತ್ತೇವೆ. ಕೆಮ್ಮಿದರೆ ಘಾಟು, ಕಣ್ಣು ಕೆಂಪಾದರೆ ಘಾಟು, ಊಟ ಸೇರದಿದ್ದರೆ ಘಾಟು, ತಲೆ ಸಿಡಿದರೆ ಘಾಟು. ನಮ್ಮೂರಲ್ಲಿ ದೆವ್ವಕ್ಕೂ ಕೆಲಸವಿಲ್ಲ, ದೃಷ್ಟಿಗೂ ಅಷ್ಟಾಗಿ ಕೆಲಸವಿಲ್ಲ; ಅವೆರಡರ ಕೆಲಸವನ್ನೂ ಘಾಟೇ ಮಾಡಿಕೊಂಡು ಹೋಗುತ್ತದೆ.

ಅಪ್ಪನದು ಮಾರ್ಕಾ ಹಾಕುವ ಕೆಲಸ. ಮೆಣಸಿನಕಾಯಿ ತುಂಬಿ ಹೊಲಿದ ಚೀಲದ ಮೇಲೆ ಅಕ್ಷರ ಕೊರೆದ ತಗಡು ಇಟ್ಟು ಬಣ್ಣದ ಕುಂಚ ಆಡಿಸಿ ಅಂಗಡಿಯ ಹೆಸರು ಮೂಡಿಸುವುದು. ಸಂಜೆ ಆ ತಗಡುಗಳಿಗೆ ಮೆತ್ತಿದ ಬಣ್ಣ ಒರೆಸಿ ಇಡದಿದ್ದರೆ ಮಾರನೇ ದಿನ ಅಕ್ಷರ ಮುಚ್ಚಿಹೋಗುತ್ತದೆ. ಒರೆಸುವುದು ಥಿನ್ನರಿನಲ್ಲಿ. ಆ ಕೆಲಸ ನನ್ನದು. ಹಿತ್ತಲಿನ ಕಡೆ ಒಂದು ಕಿಟಕಿಯಿಲ್ಲದ ಕೋಣೆ, ಅಲ್ಲಿ. ಅಪ್ಪನ ಅಂಗಿ, ಕೈ, ಬೈಕಿನ ಸೀಟು, ಎಲ್ಲಕ್ಕೂ ಅದೇ ವಾಸನೆ. ಸಣ್ಣವಳಿದ್ದಾಗ ಅಪ್ಪ ಬಂದದ್ದು ನನಗೆ ಆ ವಾಸನೆಯಿಂದಲೇ ಗೊತ್ತಾಗುತ್ತಿತ್ತು. ಹೀಗಾಗಿ ಮುಂದೆ ನನ್ನ ಮೈಯಿಂದ ಅದೇ ವಾಸನೆ ಬಂದಾಗ ಯಾರ ಮೂಗೂ ಎಚ್ಚರಾಗಲಿಲ್ಲ. ನನ್ನ ಚಟಕ್ಕೆ ಕೆಂಪು ಕಣ್ಣನ್ನು ಊರು ಮುಚ್ಚಿಕೊಟ್ಟಿತು, ವಾಸನೆಯನ್ನು ಅಪ್ಪ ಮುಚ್ಚಿಕೊಟ್ಟ.

ಪೂಜಾ ನಮ್ಮ ಹಿಂದಿನ ಓಣಿಯವಳು. ಅವಳವ್ವ ನೀಲವ್ವನೂ ನಮ್ಮವ್ವನೂ ಒಂದೇ ಅಂಗಡಿಯಲ್ಲಿ ಕಾಯಿಯ ತುಂಬು ಬಿಡಿಸಲು ಹೋಗುತ್ತಿದ್ದರು. ದಿನವಿಡೀ ಕೂತು ಒಂದೊಂದೇ ಮೆಣಸಿನಕಾಯಿಯ ತೊಟ್ಟು ಮುರಿಯುವ ಕೆಲಸ. ನಾನು ನೀಲವ್ವನಿಗೆ ಚಿಗವ್ವ, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದೆ. ಪೂಜಾಳ ಅಪ್ಪ ಲಾರಿಯವನು, ಮನೆಯಲ್ಲಿರುವುದಕ್ಕಿಂತ ದಾರಿಯಲ್ಲಿರುವುದೇ ಹೆಚ್ಚು. ಅವಳಿಗೊಬ್ಬ ತಂಗಿ, ರೂಪಾ, ಆಗಿನ್ನೂ ಲಂಗ ತೊಡುವವಳು. ಪೂಜಾ, ನಾನು ಕೂಡಿಯೇ ರಾಣೇಬೆನ್ನೂರಿಗೆ ಕಾಲೇಜಿಗೆ ಹೋಗುತ್ತಿದ್ದೆವು. ಬಸ್ಸಿನಲ್ಲಿ ಒಂದೇ ಸೀಟು, ಒಂದೇ ಬುತ್ತಿ, ಒಂದೇ ಇಯರ್‌ಫೋನಿನ ಎರಡು ಕಿವಿ.

ಒಂದು ಸಂಜೆ ತಗಡು ಒರೆಸುತ್ತ ನನಗೆ ತಲೆ ತಿರುಗಿತು, ವಿನಾಕಾರಣ ನಗು ಬಂತು. ಮರುದಿನ ಪೂಜಾಳನ್ನು ಕರೆದೆ. "ಬಾರಲೇ, ಮಜಾ ಐತಿ" ಅಂದವಳು ನಾನು. ಮೊದಲು ಕರೆದವಳು ನಾನೇ. ಇದನ್ನು ಬರೆಯದೆ ಮುಂದೆ ಹೋಗಲು ನನಗೆ ಬರುವುದಿಲ್ಲ.

ಮುಂದೆ ಹಾವೇರಿಯಲ್ಲಿ ಕೌನ್ಸೆಲಿಂಗ್ ಮಾಡಿದ ಮೇಡಂ ನನ್ನಲ್ಲಿ ಒಂದು ದೊಡ್ಡ ದುಃಖ ಹುಡುಕಲು ಬಹಳ ಒದ್ದಾಡಿದರು. ಅಪ್ಪ ಹೊಡೀತಾನಾ? ಇಲ್ಲ. ಪ್ರೀತಿ ಪ್ರೇಮ? ಇಲ್ಲ. ಮನೇಲಿ ಜಗಳ? ಎಲ್ಲರ ಮನೆಯಷ್ಟೇ. ಅವರಿಗೆ ನಿರಾಸೆಯಾಯಿತೇನೋ. ನಮಗೆ ದುಃಖ ಇರಲಿಲ್ಲ, ಬೇಸರ ಇತ್ತು. ಆ ಕೋಣೆಯಲ್ಲಿ ಕೂತರೆ ನಗು ಬರುತ್ತಿತ್ತು, ಅಷ್ಟೇ. ಆಮೇಲಾಮೇಲೆ ನಗುವೂ ಬರುತ್ತಿರಲಿಲ್ಲ, ಆದರೂ ಕೂರುತ್ತಿದ್ದೆವು. ಅಷ್ಟು ಅಗ್ಗದ ಕಾರಣಕ್ಕೆ ಕಾಲು ಕಳೆದುಕೊಂಡೆ ಅಂತ ಒಪ್ಪಿಕೊಳ್ಳುವುದೇ ನನಗೆ ಎಲ್ಲಕ್ಕಿಂತ ಕಷ್ಟವಾಯಿತು.

ಪಿಯುಸಿ ಎರಡನೇ ವರ್ಷದಲ್ಲಿ ಎರಡು ವಿಷಯ ಹೋದವು. ಅವ್ವನಿಗೆ ಎದುರು ಮಾತಾಡುತ್ತಿದ್ದೆ, ಒಮ್ಮೆ ತಾಟು ಎಸೆದೆ. ಬಾಯಿ ಸುತ್ತ ಚರ್ಮ ಒಡೆದು ಹುಣ್ಣಾಯಿತು. ಕೆಮ್ಮು ಬಿಡಲಿಲ್ಲ. ಅವ್ವ ಒಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ತಾನೇ ರೋಗವನ್ನೂ ಹೇಳಿದಳು: "ಘಾಟ ಹತ್ತೇತ್ರಿ ಸಾಹೇಬ್ರ." ಅವರೂ ಬ್ಯಾಡಗಿಯಲ್ಲಿ ಕೂತವರು, ದಿನಕ್ಕೆ ಅಂಥ ಎಷ್ಟು ಮಂದಿಯನ್ನು ನೋಡುತ್ತಿದ್ದರೋ. ಔಷಧಿ ಬರೆದರು, ಮೂಗಿಗೆ ಬಟ್ಟೆ ಕಟ್ಟಿಕೊ ಅಂದರು. ನಾನು ಬಟ್ಟೆ ಕಟ್ಟಿಕೊಂಡೆ. ಒಳಗೊಳಗೇ ನಕ್ಕೆ.

ಆಮೇಲೆ ಕಾಲ್ಬೆರಳು ಜೋಮು ಹಿಡಿಯತೊಡಗಿದವು. ಒಂದು ದಿನ ರಾಣೇಬೆನ್ನೂರ ಬಸ್‌ಸ್ಟ್ಯಾಂಡಿನಿಂದ ಕಾಲೇಜಿನ ತನಕ ಒಂದೇ ಚಪ್ಪಲಿಯಲ್ಲಿ ನಡೆದು ಹೋದೆ. ಇನ್ನೊಂದು ಕಳಚಿ ಬಿದ್ದದ್ದು ನನಗೆ ಗೊತ್ತೇ ಆಗಿರಲಿಲ್ಲ. ಪೂಜಾ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಲೇ ಅನ್ನಿ, ನಿನಗ ಹುಚ್ಚ ಹಿಡದೈತಿ" ಅಂತ ನನ್ನ ಹೆಸರು ಹಿಡಿದು ಅಂದಳು. ಅಂಗಾಲು ನೋಡಿದರೆ ಗಾಜು ಹೊಕ್ಕು ರಕ್ತ ಸುರಿಯುತ್ತಿತ್ತು, ನೋವಿಲ್ಲ. ಆಗ ಇಬ್ಬರೂ ನಗು ನಿಲ್ಲಿಸಿದೆವು. ಆದರೆ ಸಂಜೆ ಮತ್ತೆ ಕೋಣೆಗೆ ಹೋದೆವು. ಭಯ ಆಗಿತ್ತು, ಆ ಭಯಕ್ಕೆ ನಮಗೆ ಗೊತ್ತಿದ್ದ ಮದ್ದು ಅದೊಂದೇ.

ಒಂದು ಬೆಳಿಗ್ಗೆ ರೊಟ್ಟಿ ಬಡಿಯಲು ಕೂತವಳು ಏಳಲಾಗಲಿಲ್ಲ. ತೊಡೆಯ ಮೇಲೆ ಕೈಯೂರಿದೆ, ಗೋಡೆ ಹಿಡಿದೆ, ಒಲೆಯ ಕಟ್ಟೆ ಹಿಡಿದೆ. ಕಾಲು ನನ್ನ ಮಾತು ಕೇಳಲಿಲ್ಲ. ಅವ್ವ ಮೊದಲು ಬೈದಳು, "ಏಳ್ತೀಯೋ ಇಲ್ಲೋ, ರೊಟ್ಟಿ ಹೊತ್ತಾಕತ್ತೇತಿ" ಅಂತ. ಆಮೇಲೆ ನನ್ನ ಮುಖ ನೋಡಿ ಕೈಯಲ್ಲಿದ್ದ ಸೌಟು ಕೆಳಗಿಟ್ಟಳು.

ಕರ್ಜಗಿಯಿಂದ ಸೋದರತ್ತೆ ಬಂದು ನೋಡಿದ ಕೂಡಲೇ "ಇದು ಲಕ್ವಾ" ಅಂದಳು. ಗುತ್ತಲದ ಕಡೆ ಲಕ್ವಾಕ್ಕೆ ಎಣ್ಣೆ ಕೊಡುವವರಿದ್ದಾರೆ ಅಂತ ಅಲ್ಲಿಗೆ ಒಯ್ದರು. ಎಣ್ಣೆ ಹಚ್ಚಿ, ಬಿಸಿ ಇಟ್ಟಿಗೆಯಿಂದ ಕಾಸಿ, ಪಥ್ಯ ಹಿಡಿಸಿದರು. ಇಟ್ಟಿಗೆ ಎಷ್ಟು ಬಿಸಿ ಇತ್ತೋ ನನಗೆ ತಿಳಿಯಲಿಲ್ಲ. ಮೀನಖಂಡದ ಮೇಲೆ ಗುಳ್ಳೆ ಎದ್ದ ಮೇಲೆಯೇ ಗೊತ್ತಾದದ್ದು. ಅಜ್ಜಿ ದೇವರಗುಡ್ಡದಿಂದ ಭಂಡಾರ ತಂದು ಹಣೆಗೂ ಕಾಲಿಗೂ ಹಚ್ಚಿದಳು. ಅಜ್ಜಿಯ ಮೇಲೆ ನನಗೆ ಸಿಟ್ಟಿಲ್ಲ. ಅವಳಿಗೆ ಗೊತ್ತಿದ್ದದ್ದನ್ನು ಅವಳು ಮಾಡಿದಳು. ನನಗೆ ಗೊತ್ತಿದ್ದದ್ದನ್ನು ನಾನು ಹೇಳಲಿಲ್ಲ. ಒಂದೂವರೆ ತಿಂಗಳು ಹೀಗೆ ಹೋಯಿತು, ಆ ಒಂದೂವರೆ ತಿಂಗಳಲ್ಲಿ ಪೂಜಾ "ನೋಡಾಕ ಬಂದೇನಿ" ಅಂತ ಬಂದು ನನಗೆ ಥಿನ್ನರಿನ ಸೀಸೆಯನ್ನೂ ತಂದುಕೊಡುತ್ತಿದ್ದಳು. ಹಾಸಿಗೆಯಲ್ಲಿ ಮಲಗಿದ ರೋಗಿಗೆ ಜನ ಬಾಳೆಹಣ್ಣು ತರುತ್ತಾರೆ.

ಕೊನೆಗೆ ಅಪ್ಪ ಹಾವೇರಿಯ ಆಸ್ಪತ್ರೆಗೆ ಒಯ್ದ. ಹೊರಗಿನ ಬೆಂಚಿನ ಮೇಲೆ ಬೆಳಗಿನಿಂದ ಮಧ್ಯಾಹ್ನದ ತನಕ ಕೂತೆವು. ಪಕ್ಕದಲ್ಲಿ ಒಬ್ಬ ಹೆಂಗಸು ಮೊಸರನ್ನದ ಡಬ್ಬಿ ತೆರೆದು, ಕೇಳದೆಯೇ ಮುಚ್ಚಳದಲ್ಲಿ ಅರ್ಧ ಹಾಕಿ ನನ್ನ ಮುಂದಿಟ್ಟಳು. "ಉಣ್ಣವ್ವ, ಡಾಕ್ಟರು ಓಡಿ ಹೋಗಂಗಿಲ್ಲ." ಅವಳ ಹೆಸರು ಕೇಳಲಿಲ್ಲ. ಬಾಯಿ ಸುತ್ತಲಿನ ಹುಣ್ಣಿಗೆ ಮೊಸರು ತಂಪಾಗಿ ಹತ್ತಿದ್ದು ನೆನಪಿದೆ. ಅವಳು "ಏನಾಗೇತಿ" ಅಂತ ಕೇಳಲೇ ಇಲ್ಲ. ಕೇಳದೇ ಇರುವುದೂ ಒಂದು ದಾನ ಅಂತ ಅವತ್ತು ತಿಳಿಯಿತು.

ಒಳಗೆ ಡಾಕ್ಟರ್ ಮೇಡಂ ನನ್ನನ್ನು ಕೇಳಿದ ಪ್ರಶ್ನೆಗೆಲ್ಲ ಅವ್ವ ಉತ್ತರ ಕೊಟ್ಟಳು. ಸೂಜಿಯಿಂದ ಪಾದ ಚುಚ್ಚಿ "ಗೊತ್ತಾಗ್ತೈತೇನು?" ಅಂದರೂ ಅವ್ವನೇ "ಗೊತ್ತಾಗೂದಿಲ್ರಿ" ಅಂದಳು.

"ವಾಸನಿ ಬರೂ ಕೆಲಸ ಏನರ ಮಾಡ್ತಾಳೇನು?" ಎಂದು ಕೇಳಿದರು ಮೇಡಂ.

"ಬ್ಯಾಡಗ್ಯಾಗ ಇರ್ತೇವ್ರಿ. ಘಾಟ ಹತ್ತಿ ಹತ್ತಿ ಹಿಂಗಾಗೇತ್ರಿ."

ಮೇಡಂ ಸೂಜಿ ಕೆಳಗಿಟ್ಟರು. "ನಾನೂ ಈ ಕಡಿಯಾಕಿನ ಅದೀನವ್ವ. ಬ್ಯಾಡಗಿ ಕಾಯಿ ಹೆಸರಾದದ್ದು ಬಣ್ಣಕ್ಕ, ಖಾರಕ್ಕಲ್ಲ. ಘಾಟು ಮೂಗ ಸುಡಬಹುದು. ಕಾಲಿನ ನರ ಹೆಂಗ ಸುಡತೈತಿ?"

ಅವ್ವ ನನ್ನ ಕಡೆ ನೋಡಿದಳು. ಮೇಡಂ ನನ್ನ ಬಾಯಿ ಸುತ್ತ ನೋಡಿದರು, ಉಗುರು ನೋಡಿದರು, ಒಂದು ಚೀಟಿ ಬರೆದು ಅವ್ವನ ಕೈಗೆ ಕೊಟ್ಟು, "ಇದಕ್ಕ ಹೊರಗ ಸಹಿ ಮಾಡಿಸಿಕೊಂಡ ಬರ್ರಿ" ಎಂದರು. ಅವ್ವ ಹೋದ ಮೇಲೆ ಬಾಗಿಲು ಮುಂದೆ ಮಾಡಿ, ಊಟಕ್ಕೇನು ಉಂಡಿ ಅಂತ ಕೇಳುವ ಧ್ವನಿಯಲ್ಲೇ ಕೇಳಿದರು: "ಏನ ಮೂಸ್ತೀ?"

ಎರಡು ವರ್ಷದಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. "ಥಿನ್ನರ್ರಿ" ಅಂದೆ. ಎದೆಯ ಮೇಲಿನ ಚೀಲ ಇಳಿದಂತಾಯಿತು.

"ಜೋಡಿ ಯಾರಿದ್ರು?"

"ಯಾರೂ ಇಲ್ರಿ."

ಮೇಡಂ ಪೆನ್ನು ಮುಚ್ಚಿದರು. "ಇದ್ರ ಹೇಳವ್ವ. ನಿನಗ ಕಾಲಿಗೆ ಬಂತು, ಆಸ್ಪತ್ರಿ ಮುಟ್ಟೀದಿ. ಕೆಲವರಿಗೆ ಸೀದಾ ಎದಿಗೆ ಬರ್ತೈತಿ. ಅವರಿಗೆ ಇಲ್ಲೀ ತನಕ ಬರಾಕ ಟೈಮ್ ಇರಂಗಿಲ್ಲ."

"ಯಾರೂ ಇಲ್ರಿ" ಅಂದೆ, ಎರಡನೇ ಸಲ.

ಯಾಕೆ ಅಂದೆ? ಪೂಜಾಳ ಮದುವೆ ಗೊತ್ತಾಗಿತ್ತು. ರಾಣೇಬೆನ್ನೂರಿನ ಗಂಡು, ಬಟ್ಟೆ ಅಂಗಡಿ, ಒಳ್ಳೇ ಮನೆತನ. ನಾನು ಹೆಸರು ಹೇಳಿದರೆ ಮಾತು ಹಾವೇರಿಯಿಂದ ಬ್ಯಾಡಗಿಗೆ ನಮ್ಮ ಬಸ್ಸಿಗಿಂತ ಮೊದಲು ಮುಟ್ಟುತ್ತಿತ್ತು. ಹೆಣ್ಣುಮಗಳ ಹೆಸರು ಕೆಡಿಸಬಾರದು ಅಂತ ನಮಗೆ ಹುಟ್ಟಿದಾಗಿನಿಂದ ಕಲಿಸುತ್ತಾರೆ. ಹೆಸರು ಉಳಿದು ಹುಡುಗಿ ಹೋದರೆ ಏನು ಮಾಡಬೇಕು ಅಂತ ಯಾರೂ ಕಲಿಸಿಲ್ಲ.

ಅವ್ವನಿಗೆ ತಿಳಿಸಿದಾಗ ಅವಳಿಗೆ ಮೊದಲು ಅರ್ಥವಾಗಲಿಲ್ಲ. "ತಿನ್ನರ್ ಅಂದ್ರ, ತಿಂದಾಳೇನ್ರಿ?" ಅಂತ ಕೇಳಿದಳು. ಅರ್ಥವಾದ ಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕಾರಿಡಾರಿನಲ್ಲಿ ಕೂತುಬಿಟ್ಟಳು. ಅಪ್ಪ ಕೇಳಿದ್ದು ಒಂದೇ ಮಾತು: "ಹೊರಗ ಯಾರಿಗರ ಹೇಳೀಯೇನು?" ನೋವಾಯಿತೇ, ಭಯವಾಯಿತೇ, ಯಾಕೆ ಮಾಡಿದೆ, ಏನೂ ಇಲ್ಲ. ಆ ಮಾತಿಗೆ ನಾನು ಅಪ್ಪನನ್ನು ಇವತ್ತಿಗೂ ಪೂರ್ತಿ ಕ್ಷಮಿಸಿಲ್ಲ. ಆದರೆ ಇದನ್ನೂ ಹೇಳಬೇಕು: ಅದೇ ಅಪ್ಪ ಆಮೇಲೆ ಒಂದು ವರ್ಷ ಪ್ರತಿ ಬೆಳಿಗ್ಗೆ ನನ್ನ ಮುಂದೆ ನೆಲದ ಮೇಲೆ ಕೂತು ಕಾಲಿಗೆ ಪಟ್ಟಿ ಕಟ್ಟುತ್ತಿದ್ದ. ಅದಕ್ಕೆ ಮೊದಲು ಹಿತ್ತಲಿಗೆ ಹೋಗಿ ಸಾಬೂನು ಹಚ್ಚಿ ಹಚ್ಚಿ ಕೈ ತೊಳೆದುಕೊಂಡು ಬರುತ್ತಿದ್ದ, ಥಿನ್ನರಿನ ವಾಸನೆ ನನಗೆ ಬರಬಾರದು ಅಂತ. ಬೆರಳ ಸಂದಿಯಲ್ಲಿ ಬಣ್ಣ ಉಳಿದಿರುತ್ತಿತ್ತು, ವಾಸನೆ ಇರುತ್ತಿರಲಿಲ್ಲ.

ಬಿಟ್ಟ ಮೇಲೆ ಕಾಲು ಇನ್ನೂ ಕೆಟ್ಟಿತು. ಇದು ಯಾರಾದರೂ ನಂಬುವ ಮಾತೇ? ಬಿಟ್ಟ ಎರಡು ತಿಂಗಳ ತನಕ ದಿನದಿನಕ್ಕೆ ಇಳಿಯುತ್ತ ಹೋದೆ, ಕೈಬೆರಳಿಗೂ ಬಂತು, ಗುಂಡಿ ಹಾಕಿಕೊಳ್ಳಲು ಅವ್ವ ಬೇಕಾದಳು. ಹಾಗೆ ಆಗಬಹುದು ಅಂತ ಮೇಡಂ ಮೊದಲೇ ಹೇಳಿದ್ದರು. ಆದರೂ ಸೋದರತ್ತೆ ಬಂದು, "ಗುತ್ತಲದ ಎಣ್ಣಿ ಬಿಡಿಸಿದ್ದಕ್ಕ ಹಿಂಗಾತು" ಅಂತ ತೀರ್ಪು ಕೊಟ್ಟು ಹೋದಳು. ಚಟ ಬಿಡಿಸುವ ಕೇಂದ್ರವೊಂದರಲ್ಲಿ ಕೇಳಿದರೆ ಅಲ್ಲಿದ್ದವರೆಲ್ಲ ಕುಡಿಯುವ ಗಂಡಸರು. "ಹೆಣ್ಣುಮಕ್ಕಳಿಗೆ ವ್ಯವಸ್ಥಾ ಇಲ್ರಿ" ಅಂದರು, ಹೆಣ್ಣುಮಕ್ಕಳು ಇಂಥದ್ದು ಮಾಡುವುದೇ ಇಲ್ಲ ಅನ್ನುವ ಹಾಗೆ. ಹಾಗಾಗಿ ನಾನು ಬಿಟ್ಟದ್ದು ಮನೆಯಲ್ಲಿ, ಅವ್ವನ ಕಾವಲಿನಲ್ಲಿ. ಮೈಯೆಲ್ಲ ಬೆವರು, ಸಿಟ್ಟು, ಗೋಡೆಗೆ ತಲೆ ಬಡಿದುಕೊಳ್ಳುವುದು. ಅಪ್ಪನ ಅಂಗಿಯನ್ನು ಒಮ್ಮೆ ಕದ್ದು ಮುಖಕ್ಕೆ ಒತ್ತಿಕೊಂಡು ಕೂತಿದ್ದೆ. ಅವ್ವ ಅದನ್ನು ಕಸಿದುಕೊಂಡು ಅಲ್ಲೇ ನನ್ನ ಪಕ್ಕ ಕೂತು ಅತ್ತಳು. ಬೈಯಲಿಲ್ಲ. ಅವತ್ತು ಬೈದಿದ್ದರೆ ನಾನು ಮತ್ತೆ ಶುರು ಮಾಡುತ್ತಿದ್ದೆ ಅನಿಸುತ್ತದೆ.

ಪೂಜಾ ಒಂದು ಮಧ್ಯಾಹ್ನ ಮದುವೆ ಸೀರೆ ತೋರಿಸಲು ಬಂದಳು. ಅವ್ವ ಚಹಾ ಮಾಡಲು ಒಳಗೆ ಹೋದ ಕೂಡಲೇ ಕಿವಿಯ ಹತ್ತಿರ ಬಂದು ಕೇಳಿದಳು: "ನನ್ನ ಹೆಸರ ಹೇಳಿಲ್ಲಲ್ಲ?"

"ಇಲ್ಲ."

"ನಾ ಬಿಟ್ಟೇನಲೇ, ಖರೇ. ದೇವರಾಣಿ."

ಅವಳ ಕಣ್ಣು ಕೆಂಪಗಿದ್ದವು. ನಾನು ಅವಳ ಕಣ್ಣನ್ನೇ ನೋಡಿದೆ. ಅವಳು ನಕ್ಕು, "ಘಾಟಲೇ" ಅಂದಳು. ಅದು ಇಬ್ಬರಿಗೂ ಗೊತ್ತಿದ್ದ ಹಳೇ ತಮಾಷೆ. ನಾನು ಆಗ ಕೂಗಿ ಅವ್ವನನ್ನು ಕರೆಯಬಹುದಿತ್ತು. ಕಾಲು ಬಿದ್ದಿತ್ತು, ಬಾಯಿ ಬಿದ್ದಿರಲಿಲ್ಲ. ನಾನು ಮಾತ್ರ ಸೀರೆಯ ಅಂಚು ಹಿಡಿದು ನೋಡಿ, "ಬಣ್ಣ ಚೊಲೋ ಐತಿ" ಅಂದೆ.

ಅದಾಗಿ ಇಪ್ಪತ್ತು ದಿನಕ್ಕೆ ಪೂಜಾ ಹೋದಳು. ಹಾಡುಹಗಲು, ನೀಲವ್ವ ಚಿಗವ್ವ ಕಾಯಿ ಬಿಡಿಸಲು ಹೋಗಿದ್ದಾಗ, ಅಟ್ಟದ ಮೇಲೆ. ಶಾಲೆಯಿಂದ ಬಂದ ರೂಪಾ ನೋಡಿದ್ದು. ಊರು "ಹಾರ್ಟ್" ಅಂದಿತು. ಇಷ್ಟು ಸಣ್ಣ ವಯಸ್ಸಿಗಾ ಅಂದಿತು. ಲಗ್ನ ಗೊತ್ತಾದ ಹುಡುಗಿಗೆ ಯಾರ ಕಣ್ಣು ಹತ್ತಿತೋ ಅಂದಿತು. ಅಪ್ಪ ನನ್ನನ್ನು ಬೈಕಿನ ಮೇಲೆ ಕೂರಿಸಿಕೊಂಡು ಹೋದ. ನಮ್ಮ ಪದ್ಧತಿಯಂತೆ ಪೂಜಾಳನ್ನು ನಡುಮನೆಯಲ್ಲಿ ಗೋಡೆಗೆ ಒರಗಿಸಿ ಕೂರಿಸಿದ್ದರು, ತಲೆಗೆ ಹೂವು. ನಾನು ಹತ್ತಿರ ಹೋಗಿ ಬಗ್ಗಿದೆ. ಹೂವು, ಊದುಬತ್ತಿ, ಅರಿಶಿನ, ಅದೆಲ್ಲದರ ಕೆಳಗೆ ಅವಳ ಕೂದಲಲ್ಲಿ ಆ ವಾಸನೆ ಇತ್ತು. ಅಷ್ಟು ಜನರಲ್ಲಿ ಅದು ಗೊತ್ತಾದದ್ದು ನನಗೊಬ್ಬಳಿಗೆ. ಆ ವಾಸನೆಗೆ ನನ್ನ ಬಾಯಲ್ಲಿ ನೀರೂರಿತು. ಗೆಳತಿಯ ಹೆಣದ ಮುಂದೆ ನನ್ನ ಬಾಯಲ್ಲಿ ನೀರೂರಿತು. ಈ ರೋಗ ಎಂಥದ್ದು ಅಂತ ಕೇಳುವವರಿಗೆ ನಾನು ಕಾಲು ತೋರಿಸುವುದಿಲ್ಲ, ಇದನ್ನು ಹೇಳುತ್ತೇನೆ.

ಮೂರು ವರ್ಷದ ಮೇಲಾಯಿತು. ಮುಟ್ಟಿಲ್ಲ. ಕೈಬೆರಳು ಪೂರ್ತಿ ಬಂದಿವೆ, ಎಡಗಾಲು ಸ್ವಲ್ಪ ಬಂದಿದೆ, ಬಲಗಾಲು ಇಷ್ಟೇ ಅಂತ ಕೂತಿದೆ. ರಾಣೇಬೆನ್ನೂರಿನಲ್ಲಿ ಒಂದು ಝೆರಾಕ್ಸ್ ಅಂಗಡಿಯಲ್ಲಿ ಕುಳಿತು ಮಾಡುವ ಕೆಲಸ ಸಿಕ್ಕಿದೆ. ಪೆಟ್ರೋಲ್ ಬಂಕಿನ ಮುಂದೆ ಬಸ್ಸು ನಿಂತರೆ ಇವತ್ತಿಗೂ ಸೆರಗು ಮೂಗಿಗೆ ಒತ್ತಿಕೊಳ್ಳುತ್ತೇನೆ. ತಿಂಗಳಿಗೊಮ್ಮೆ ಹಾವೇರಿಗೆ ಹೋಗಿ ಬರುತ್ತೇನೆ. ಗುಣವಾಯಿತೇ ಅಂದರೆ, ಇದಕ್ಕೆ ಗುಣ ಅನ್ನುವುದಾದರೆ ಗುಣವಾಗಿದೆ.

ಕಳೆದ ಆಷಾಢದಲ್ಲಿ ಹಾವೇರಿಗೆ ಹೋದಾಗ ಡಾಕ್ಟರ್ ಮೇಡಂ ಯಾರದೋ ವಿಷಯಕ್ಕೆ, "ಒಬ್ಬಾಕಿ ಹೇಳಿದ್ರ ಇನ್ನೊಬ್ಬಾಕಿ ಉಳೀತಾಳ ನೋಡು" ಅಂದರು. ಅವರಿಗೆ ಪೂಜಾಳ ವಿಷಯ ಗೊತ್ತೇ ಇರಲಿಲ್ಲ. ನನಗೆ ಅದು ಕಪಾಳಕ್ಕೆ ಬಡಿದಂತಾಯಿತು. ಬ್ಯಾಡಗಿಯಲ್ಲಿ ಬಸ್ಸಿಳಿದವಳು ಮನೆಗೆ ಹೋಗದೆ ಸೀದಾ ನೀಲವ್ವ ಚಿಗವ್ವನ ಮನೆಗೆ ಹೋದೆ. ಆಕೆ ನಡುಮನೆಯಲ್ಲಿ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ರೂಪಾ ಅಡುಗೆಮನೆಯಲ್ಲಿದ್ದಳು, ಈಗ ಎಸ್‌ಎಸ್‌ಎಲ್‌ಸಿ, ಅಕ್ಕನದೇ ಎತ್ತರ. ನಾನು ಗೋಡೆ ಹಿಡಿದು ಮೆಲ್ಲಗೆ ನೆಲಕ್ಕೆ ಕೂತೆ.

"ಚಿಗವ್ವ, ಪೂಜಾಂದು ಹಾರ್ಟ್ ಅಲ್ಲ."

ಅವಳ ಕೈ ನಿಲ್ಲಲಿಲ್ಲ. ಒಂದು ಕಲ್ಲು ಆರಿಸಿ ಪಕ್ಕಕ್ಕೆ ಹಾಕಿದಳು. "ನನಗ ಗೊತ್ತೈತಿ" ಅಂದಳು.

ಮಣ್ಣಿಗಿಟ್ಟ ಮೂರನೇ ದಿನವೇ ಗೊತ್ತಾಗಿತ್ತಂತೆ. ಟ್ರಂಕಿನಲ್ಲಿ ಮದುವೆ ಸೀರೆಯ ಕೆಳಗೆ ಸೀಸೆ ಸಿಕ್ಕಿತಂತೆ. ಹಿತ್ತಲಲ್ಲಿ ಹೂತುಬಿಟ್ಟಳು. ಗಂಡನಿಗೂ ಹೇಳಲಿಲ್ಲ. ಮೂರು ವರ್ಷ ನಾನೊಬ್ಬಳೇ ಹೊತ್ತಿದ್ದೇನೆ ಅಂದುಕೊಂಡಿದ್ದ ಭಾರವನ್ನು ಈ ಹೆಂಗಸೂ ಹೊತ್ತುಕೊಂಡು ಒಂದೇ ಓಣಿಯಲ್ಲಿ ನನ್ನ ಎದುರಿಗೆ ಓಡಾಡಿದ್ದಳು. ನನ್ನನ್ನು ನೋಡಿದಾಗಲೆಲ್ಲ "ಕಾಲು ಹೆಂಗೈತವಾ" ಅಂತ ಕೇಳಿದ್ದಳು.

"ನಿನಗ ಆಗನ ಗೊತ್ತಿತ್ತು" ಅಂದಳು. ಅದು ಪ್ರಶ್ನೆಯಾಗಿರಲಿಲ್ಲ.

"ಗೊತ್ತಿತ್ತು ಚಿಗವ್ವ. ಮೊದಲ ಕರದಾಕಿನೂ ನಾನ."

ಆಗ ಅವಳ ಕೈ ನಿಂತಿತು. ಅಡುಗೆಮನೆಯ ಕಡೆ ನೋಡಿ ದನಿ ಇಳಿಸಿದಳು. "ಆತು. ಇನ್ನ ಬಾಯಿ ತಗೀಬ್ಯಾಡ. ಸಣ್ಣಾಕಿ ಅದಾಳ. ನಾಳೆ ಆಕಿನ್ನ ಒಬ್ಬರ ಮನಿಗೆ ಕೊಡಬೇಕು. ಅಕ್ಕ ಹಿಂಗ ಸತ್ಲು ಅಂದ್ರ ಯಾರ ಬರ್ತಾರ? ಅವತ್ತ ಮುಚ್ಚಿದ್ಯಲ್ಲ, ಹಂಗ ಮುಚ್ಚಿಕೊಂಡ ಇರು."

ನನಗೆ ಸಿಟ್ಟು ಬಂತು. ಅವಳ ಮೇಲೋ, ನನ್ನ ಮೇಲೋ, ಹೇಳಲಾರೆ. ನಾನು ದನಿ ಏರಿಸಿದೆ, ಅಡುಗೆಮನೆಗೆ ಕೇಳಲಿ ಅಂತಲೇ ಏರಿಸಿದೆ. "ಪೂಜಾ ಥಿನ್ನರ್ ಮೂಸಿ ಸತ್ಲು. ನಾನೂ ಅದನ್ನ ಮೂಸಿ ಹಿಂಗಾಗೇನಿ. ಅವತ್ತ ನಾ ಹೇಳಿದ್ರ ಆಕಿ ಇವತ್ತ ಇರ್ತಿದ್ಲು."

ಒಳಗೆ ಪಾತ್ರೆಯ ಸದ್ದು ನಿಂತಿತು. ನೀಲವ್ವ ಮೊರ ದೂಡಿ ಎದ್ದಳು. "ಎದ್ದ ಹೋಗು. ನೀ ಉಳಕೊಂಡ ಬಂದು ನನ್ನ ಮುಂದ ಕುಂತು ಇದನ್ನ ಹೇಳ್ತಿಯಾ? ಎದ್ದ ಹೋಗು ನನ್ನ ಮನ್ಯಾಗಿಂದ."

ಹೋಗು ಅಂದರೆ ಎದ್ದು ಹೋಗುವುದು ನನಗೆ ಅಷ್ಟು ಸುಲಭವಿಲ್ಲ. ನೆಲದಿಂದ ಏಳಬೇಕಾದರೆ ಮೊದಲು ಮಗ್ಗುಲಾಗಬೇಕು, ಗೋಡೆ ಹಿಡಿಯಬೇಕು, ಒಂದೊಂದೇ ಕಾಲು ಊರಬೇಕು. ಅವಳು ಬೈಯುತ್ತಲೇ ನಿಂತು ನೋಡಿದಳು. ನಾನು ಎರಡು ಸಲ ಜಾರಿದೆ. ಮೂರನೇ ಸಲಕ್ಕೆ ಬೈಯುತ್ತಲೇ ಬಗ್ಗಿ ರಟ್ಟೆ ಹಿಡಿದು ಎಬ್ಬಿಸಿದಳು, ಹೊಸ್ತಿಲು ದಾಟಿಸಿದಳು, ಬಾಗಿಲು ಹಾಕಿಕೊಂಡಳು. ಒಳಗೆ ಅವಳು ಅಳುವುದು ಕೇಳಿಸಿತು.

ಮಳೆ ಜಿನುಗುತ್ತಿತ್ತು. ಓಣಿಯ ತಿರುವಿನ ತನಕ ಹೋಗಿದ್ದೆ, ಹಿಂದಿನಿಂದ ಯಾರೋ ಓಡಿಬಂದ ಸದ್ದು. ರೂಪಾ. ಹಿತ್ತಲ ಬಾಗಿಲಿನಿಂದ ಬಂದಿದ್ದಳು, ಕೈಯೆಲ್ಲ ಪಾತ್ರೆ ತಿಕ್ಕಿದ ಬೂದಿ. ನನ್ನ ಮುಖ ನೋಡಲಿಲ್ಲ, ನನ್ನ ಕಾಲಿನ ಪಟ್ಟಿಯನ್ನೇ ನೋಡುತ್ತ ನಿಂತಳು.

"ಅಕ್ಕಾ, ಖರೇ ಏನು?"

"ಖರೇ."

ಅವಳು ಬೂದಿಯ ಕೈಯನ್ನು ಚೂಡಿದಾರಕ್ಕೆ ಒರೆಸಿಕೊಂಡಳು. ಒರೆಸಿಕೊಂಡದ್ದನ್ನೇ ಮತ್ತೆ ಒರೆಸಿಕೊಂಡಳು.

"ಒಂದೆರಡ ಸಲ ಅಷ್ಟ ಆದ್ರ, ಏನೂ ಆಗಂಗಿಲ್ಲಲ್ಲಕ್ಕಾ?"

ಅಲ್ಲೇ ಯಾರದೋ ಮನೆಯ ಮುಂದೆ ಒದ್ದೆ ಕಟ್ಟೆ ಇತ್ತು. ನಾನು ಕೂತೆ. ಅವಳ ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡೆ, ಬಿಡಿಸಿಕೊಳ್ಳಲು ಬಾರದಷ್ಟು ಗಟ್ಟಿಯಾಗಿ.

"ಎಷ್ಟ ಸಲ ಆತವ್ವ?" ಅಂದೆ.